ಕತ್ತಿನ ಗಾಯ, ಕಾಲಿನ ಪಂಪು

ರಾಮಗಿರಿಯ ರೇವಣಸಿದ್ದಪ್ಪನವರ ಎಡಗತ್ತಿನ ದೊಡ್ಡ ರಕ್ತನಾಳವನ್ನು ಅಂದು ನಾವು ಕಟ್ಟಿದೆವೋ, ಕಟ್ಟದೆ ಬಿಟ್ಟೆವೋ ಎಂಬುದು ನನ್ನ ನೆನಪಿನಲ್ಲಿ ಖಚಿತವಿಲ್ಲ. ಇಂಥದ್ದನ್ನು ಒಬ್ಬ ಸರ್ಜನ್ ಮರೆಯುತ್ತಾನೆಯೇ ಎಂದು ಓದುವವರು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಕಟ್ಟಲಿಲ್ಲ ಎಂದೇ ಬಹಳ ವರ್ಷ ನಂಬಿದ್ದೆ. ಆಮೇಲೆ, ಆ ದಿನ ಟೇಬಲಿನ ಆಚೆ ಬದಿಯಲ್ಲಿ ನಿಂತಿದ್ದ ನನ್ನ ಹಿರಿಯರು ಕಟ್ಟಿದೆವು ಎಂದರು. ಅವರು ಹೇಳಿದ ಮೇಲೆ ನೆನಪನ್ನು ತಡಕಿದರೆ, ನಾಳದ ಸುತ್ತ ಬಳಸಿದ ಕಪ್ಪು ರೇಷ್ಮೆ ದಾರ ನನಗೂ ಕಾಣಿಸಿತು. ಅದು ಮೊದಲಿನಿಂದಲೂ ಅಲ್ಲಿತ್ತೋ, ಅವರ ಮಾತು ಕೇಳಿದ ಮೇಲೆ ಬಂದು ಕೂತುಕೊಂಡಿತೋ ಹೇಳಲಾರೆ.

ಇದು ಇಬ್ಬರು ಮುದುಕರ ಹಟವಾಗಿದ್ದರೆ ಇಲ್ಲಿಗೇ ಬಿಡುತ್ತಿದ್ದೆ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದ ಕೆಲವು ಡಾಕ್ಟರುಗಳು, ತಲೆ ಮತ್ತು ಕತ್ತಿನ ಕಷ್ಟದ ಗಾಯಗಳಿಗೆ ನೀವು ಪಂಪಿನಿಂದ ಕೀವು ಎಳೆಯುವ ಋಣ ಒತ್ತಡದ ಚಿಕಿತ್ಸೆ ಮಾಡಿದ್ದು ಹೇಗೆ, ಬರೆದುಕೊಡಿ ಎಂದು ಕೇಳಿದ್ದಾರೆ. ದಾರ ಬಿಗಿದಿದ್ದರೆ ನಾನು ಅವರಿಗೆ ಹೇಳಬೇಕಾದದ್ದು ಒಂದು: ಕತ್ತಿನ ಹತ್ತಿರ ಈ ಯಂತ್ರ ತರಬೇಡಿ, ನಾಳವನ್ನೇ ಕಳೆದುಕೊಳ್ಳುತ್ತೀರಿ. ಬಿಗಿಯದೇ ಇದ್ದರೆ ಹೇಳಬೇಕಾದದ್ದು ಪೂರ್ತಿ ಬೇರೆ: ತನ್ನಿ, ಆದರೆ ಎಳೆತ ಮಿತಿ ಮೀರದಂತೆ ಕಾಯಿರಿ. ಆ ಕಾಲದ ಕೇಸ್ ಶೀಟುಗಳು ಉಳಿದಿಲ್ಲ. ಆದ್ದರಿಂದ ನೆನಪಿರುವಷ್ಟನ್ನು ನೆನಪು ಎಂದೇ ಬರೆಯುತ್ತೇನೆ, ಪರೀಕ್ಷಿಸಿ ನೋಡಿದ್ದನ್ನು ಬೇರೆಯಾಗಿ ಹೇಳುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹಿರಿಯೂರಿನಲ್ಲಿದ್ದೆ. ಹೆದ್ದಾರಿಯಲ್ಲಿ ಲಾರಿಗೆ ಲಾರಿ ಗುದ್ದಿದರೆ ಗಾಯಾಳುಗಳು ಮೊದಲು ಬರುತ್ತಿದ್ದುದು ನಮ್ಮಲ್ಲಿಗೆ. ಕೈಕಾಲಿನ ಗಾಯ ಎಷ್ಟು ದೊಡ್ಡದಾದರೂ ನನಗೆ ಧೈರ್ಯವಿತ್ತು. ಕತ್ತಿನ ಗಾಯ ಎಂದರೆ ಮಾತ್ರ ಹಿಂಜರಿಯುತ್ತಿದ್ದೆ. ಒಂದು ಹಿಡಿಯಷ್ಟು ಜಾಗದಲ್ಲಿ ಉಸಿರು, ಅನ್ನ, ರಕ್ತ, ಮಾತು ನಾಲ್ಕೂ ಹಾದುಹೋಗುತ್ತವೆ. ಅಲ್ಲಿ ಕೊಳೆತ ಭಾಗ ಕತ್ತರಿಸುವಾಗ ಕತ್ತರಿಯ ತುದಿಯಿಂದ ಏನೆಷ್ಟು ದೂರವಿದೆ ಎಂದು ಪುಸ್ತಕ ಹೇಳುತ್ತದೆ. ಊದಿ ಕೀವು ತುಂಬಿದ ಕತ್ತು ಪುಸ್ತಕ ಓದಿರುವುದಿಲ್ಲ.

ಆಗಿನ ಕ್ರಮ ಸರಳವಾಗಿತ್ತು. ಕೊಳೆತದ್ದನ್ನು ತೆಗೆದು, ಪೆರಾಕ್ಸೈಡ್ ಸುರಿದು, ನೊರೆ ಇಳಿದ ಮೇಲೆ ಗಾಜ್ ಬಟ್ಟೆ ತುರುಕುವುದು. ಸಂಜೆ ಅದನ್ನು ಕಿತ್ತು ಹೊಸದು ತುರುಕುವುದು. ಒಣಗಿ ಅಂಟಿದ ಆ ಬಟ್ಟೆಯನ್ನು ಕೀಳುವಾಗ ಅದರ ಜೊತೆ ಹೊಸದಾಗಿ ಹುಟ್ಟಿದ ಮಾಂಸವೂ ಕಿತ್ತು ಬರುತ್ತಿತ್ತು. ನಾವೇ ಬೆಳೆಸಿ ನಾವೇ ಕೀಳುತ್ತಿದ್ದೆವು. ಡ್ರೆಸಿಂಗ್ ಗಾಡಿಯ ಚಕ್ರದ ಸದ್ದು ಕೇಳಿದರೆ ರೋಗಿಗಳು ಗೋಡೆ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ನನ್ನ ಹಿರಿಯ ಸರ್ಜನ್ ಶೇಷಾದ್ರಿಯವರು ಹೊಸದುರ್ಗದ ಕಡೆಯವರು. ದೊಡ್ಡ ಕೈ, ಸಣ್ಣ ಹೊಲಿಗೆ, ಕಹಿ ನಾಲಿಗೆ. ವಾರ್ಡಿನ ಬಾಗಿಲಲ್ಲಿ ನಿಂತು ಮೂಗು ಎಳೆದು, ಯಾವ ಹಾಸಿಗೆಯ ಗಾಯ ಕೆಟ್ಟಿದೆ ಎಂದು ಹೇಳುತ್ತಿದ್ದರು. ಅದು ನಿಜವಾದಾಗ ಎಲ್ಲರೂ ಬೆರಗಾಗುತ್ತಿದ್ದರು. ಸುಳ್ಳಾದಾಗ ಯಾರೂ ಗಮನಿಸುತ್ತಿರಲಿಲ್ಲ. ಹಾಗಾಗಿ ಅವರ ಮೂಗಿನ ಬಗ್ಗೆ ನಾನು ಏನನ್ನೂ ಖಚಿತವಾಗಿ ಹೇಳುವುದಿಲ್ಲ. ಒಂದು ಸಲ ಅವರು ಹಳೆಯ ಕ್ರಮವೊಂದನ್ನು ನೆನೆದು, ಗಾಯಗಳಿಗೆ ಸಕ್ಕರೆ ಪುಡಿ ತುಂಬಿಸಿದರು. ಗಾಯಗಳು ಸ್ವಲ್ಪ ಸ್ವಚ್ಛವಾದದ್ದು ನಿಜ. ಅದರ ಜೊತೆ ವಾರ್ಡಿಗೆ ಇರುವೆ ಸಾಲು ಹಿಡಿಯಿತು. ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡುವ ಹಾಗೆ ಮಂಚದ ಕಾಲುಗಳನ್ನೆಲ್ಲ ನೀರಿನ ಬಟ್ಟಲುಗಳಲ್ಲಿ ಇಡಿಸಿದೆವು. ರಾತ್ರಿ ಎದ್ದವರೆಲ್ಲ ಬಟ್ಟಲಿಗೆ ಕಾಲು ತಾಗಿಸಿ ನೀರು ಚೆಲ್ಲುತ್ತಿದ್ದರು. ಶೇಷಾದ್ರಿಯವರು ಸಕ್ಕರೆ ಬಿಟ್ಟರು, ಅದರ ಮಾತನ್ನೂ ಬಿಟ್ಟರು.

ಋಣ ಒತ್ತಡದ ಚಿಕಿತ್ಸೆಯ ಚಿತ್ರಗಳನ್ನು ನಾನು ಮೊದಲು ನೋಡಿದ್ದು ಬೆಂಗಳೂರಿನ ಒಂದು ತರಬೇತಿಯಲ್ಲಿ. ಗಾಯದ ಮೇಲೆ ಸ್ಪಂಜಿನಂಥದ್ದು ಇಟ್ಟು, ಮೇಲೆ ಅಂಟುವ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಗಾಳಿ ಹೋಗದಂತೆ ಮುಚ್ಚುತ್ತಾರೆ. ಒಳಗಿನಿಂದ ಒಂದು ನಳಿಕೆ ಹೊರಟು ಪಂಪಿಗೆ ಸೇರುತ್ತದೆ. ಪಂಪು ಮೆಲ್ಲಗೆ ಎಳೆಯುತ್ತಲೇ ಇರುತ್ತದೆ. ಕೀವು ನಿಲ್ಲುವುದಿಲ್ಲ, ಅಂಚುಗಳು ಹತ್ತಿರ ಸರಿಯುತ್ತವೆ, ದಿನಕ್ಕೆರಡು ಸಲ ಕೀಳುವ ಹಿಂಸೆಯೂ ತಪ್ಪುತ್ತದೆ. ನಾನು ನಂಬಲಿಲ್ಲ. ಮೊದಲು ಮತ್ತು ಆಮೇಲೆ ಎಂದು ತೋರಿಸುವ ಚಿತ್ರಗಳನ್ನು ಆರಿಸುವವರು ತೋರಿಸುವವರೇ. ವಾಸಿಯಾಗದ ಗಾಯದ ಚಿತ್ರವನ್ನು ಅಲ್ಲಿ ಯಾರೂ ತಂದಿರಲಿಲ್ಲ. ಆದರೂ ಬಸ್ಸಿನಲ್ಲಿ ವಾಪಸು ಬರುವಾಗ ನಾನು ಯೋಚಿಸುತ್ತಿದ್ದುದು ಅದನ್ನೇ. ನಂಬದಿದ್ದರೆ ಮಾಡಿ ನೋಡಬೇಕು. ಮಾಡಿ ನೋಡದೆ ನಂಬದಿರುವುದೂ ಒಂದು ರೀತಿಯ ನಂಬಿಕೆಯೇ.

ಅಷ್ಟು ಹೊತ್ತಿಗೆ ನಾನು ಚಿತ್ರದುರ್ಗಕ್ಕೆ ಬಂದಿದ್ದೆ. ಶೇಷಾದ್ರಿಯವರೂ ಅಲ್ಲೇ ಇದ್ದರು. ಬೆಂಗಳೂರಿನಲ್ಲಿ ತೋರಿಸಿದ ಯಂತ್ರ ನಮ್ಮಲ್ಲಿಗೆ ಬರುವಂಥದ್ದಲ್ಲ. ಆಪರೇಷನ್ ಥಿಯೇಟರಿನ ಸಕ್ಷನ್ ಮಿಷನ್ ಇತ್ತು, ಮೂಗಿಗೆ ಹಾಕುವ ನಳಿಕೆ ಇತ್ತು, ಗಾಜ್ ಇತ್ತು. ಅಂಟುವ ಹಾಳೆಯನ್ನು ತರಿಸಿಕೊಂಡೆ. ಮೊದಲ ಸಲ ಜೋಡಿಸುವುದನ್ನು ಶೇಷಾದ್ರಿಯವರು ಕೈಕಟ್ಟಿ ನಿಂತು ನೋಡಿದರು.

"ಏನಪ್ಪ, ಇದು ಹಾಲು ಕರೆಯೋ ಮಿಷನ್ನೋ, ಗಾಯ ವಾಸಿ ಮಾಡೋ ಮಿಷನ್ನೋ?" ಎಂದರು.

ಆ ಮೊದಲ ರೋಗಿಯ ಮೇಲೆ ಕರಡಿ ಎರಗಿತ್ತು. ಹೊಸದುರ್ಗದ ಕಡೆಯ ಗುಡ್ಡದಂಚಿನ ಶೇಂಗಾ ಹೊಲದಲ್ಲಿ ಬೆಳಗಿನ ಜಾವ ಹಿಡಿದ ಕರಡಿ ನೆತ್ತಿಯ ಚರ್ಮವನ್ನು ಹಿಂದಕ್ಕೆ ಮಗುಚಿತ್ತು. ಹೊಲಿದ ಚರ್ಮದಲ್ಲಿ ಒಂದು ಭಾಗ ಸತ್ತು, ಅಂಗೈಯಷ್ಟು ಜಾಗ ಬರಿದಾಯಿತು. ಅಲ್ಲಿಗೆ ಪಂಪಿನ ಎಳೆತ ಜೋಡಿಸಿದೆ. ಸಂಜೆ ಚೆನ್ನಾಗಿ ಕೂತಿದ್ದ ಹಾಳೆ ಬೆಳಿಗ್ಗೆ ನೋಡಿದರೆ ಅಂಚಿನಲ್ಲಿ ಎದ್ದಿರುತ್ತಿತ್ತು. ಮತ್ತೆ ಕೂದಲು ಬೋಳಿಸಿದೆ. ಅಂಟು ಬದಲಿಸಿದೆ. ಬೆವರು ಎಂದುಕೊಂಡು ಫ್ಯಾನಿನ ಕೆಳಗೆ ಮಂಚ ಹಾಕಿಸಿದೆ. ಪ್ರತಿ ಬೆಳಿಗ್ಗೆ ಅದೇ ಕತೆ. ಚಿತ್ರ ತೋರಿಸಿದವರು ತಲೆಯ ಗಾಯಗಳನ್ನು ಏಕೆ ತೋರಿಸಲಿಲ್ಲ ಎಂದು ಈಗ ಗೊತ್ತಾಯಿತು ಎಂದುಕೊಂಡೆ.

ಒಂದು ದಿನ ಮಾಮೂಲಿಗಿಂತ ಮೊದಲೇ ವಾರ್ಡಿಗೆ ಹೋದೆ. ಅವನ ತಾಯಿ ಮಂಚದ ತಲೆಯ ಕಡೆ ಕೂತು, ಬಟ್ಟಲಿನಿಂದ ಹರಳೆಣ್ಣೆ ತೆಗೆದು, ಹಾಳೆಯ ಸುತ್ತ ಬೋಳಿಸಿದ ನೆತ್ತಿಗೆ ತಿಕ್ಕುತ್ತಿದ್ದರು. ಗಾಯಕ್ಕೆ ಒಂದು ಹನಿಯೂ ತಾಗದಂತೆ ಬಹಳ ಎಚ್ಚರಿಕೆಯಿಂದ, ಸರಿಯಾಗಿ ಅಂಚಿನ ಉದ್ದಕ್ಕೂ. ನಾನು ಏನು ಇದು ಎಂದೆ.

"ನೆತ್ತಿಗೆ ತಂಪು ಬ್ಯಾಡ್ವೇನಪ್ಪ? ರಾತ್ರಿಯೆಲ್ಲ ಮಿಷನ್ ಓಡ್ತೈತೆ. ತಲೆ ಕಾದೋಗಲ್ವ?"

ಎಣ್ಣೆಯ ಮೇಲೆ ಅಂಟು ಹಿಡಿಯುವುದಿಲ್ಲ ಎಂದು ತಿಳಿಸಿ ಹೇಳಿದೆ. ಅಂಟಿನ ಶಾಸ್ತ್ರ ಅವರಿಗೆ ಒಪ್ಪಿತವಾಯಿತು, ತಲೆ ಕಾಯುವುದಿಲ್ಲ ಎಂಬುದು ಆಗಲಿಲ್ಲ. ಕೊನೆಗೆ, ಎಣ್ಣೆಯನ್ನು ಅಂಗಾಲಿಗೆ ತಿಕ್ಕಿ, ತಂಪು ಅಲ್ಲಿಂದಲೂ ಏರುತ್ತದೆ ಎಂದೆ. ನಾನು ನಂಬದ ಮಾತನ್ನು ಗಟ್ಟಿಯಾಗಿ ಹೇಳಿದ್ದು ಅದೊಂದೇ ಸಲ ಎಂದು ಬರೆಯಲು ಆಸೆ, ಅದೂ ಅನುಮಾನ. ಅಂದಿನಿಂದ ಹಾಳೆ ಏಳಲಿಲ್ಲ. ಮೂಳೆಯ ಸುತ್ತಲಿಂದ ಕೆಂಪು ಮಾಂಸ ಹಬ್ಬಿ ಬಂತು, ಅದರ ಮೇಲೆ ತೊಡೆಯ ಚರ್ಮ ಕಸಿ ಮಾಡಿದೆವು. ಯಂತ್ರ ಇಲ್ಲದಿದ್ದರೂ ಅವನು ವಾಸಿಯಾಗುತ್ತಿದ್ದನೋ ಏನೋ. ಒಬ್ಬ ರೋಗಿ ಸಾಕ್ಷಿಯಾಗುವುದಿಲ್ಲ. ಆದರೆ ನನಗೆ ಇನ್ನೊಂದು ಸಲ ಮಾಡುವ ಧೈರ್ಯ ಬಂತು.

ಆ ಇನ್ನೊಂದು ಸಲವೇ ರೇವಣಸಿದ್ದಪ್ಪ. ರಾಮಗಿರಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದವರು. ಸಕ್ಕರೆ ಕಾಯಿಲೆ ಇತ್ತು. ಕೆಳದವಡೆಯ ಹಲ್ಲು ನೋವು ಬಂದಾಗ ಕೆನ್ನೆಗೆ ಸುಣ್ಣ ಬೆಲ್ಲ ಕಲಸಿ ಮೆತ್ತಿಕೊಂಡು ಅಂಗಡಿಯಲ್ಲೇ ಕೂತಿದ್ದರಂತೆ. ಬಾವು ಕತ್ತಿಗೆ ಇಳಿದು, ಹೊಳಲ್ಕೆರೆಗೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ ಬರುವಷ್ಟರಲ್ಲಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮೊದಲು ಗಂಟಲಿನ ಕೆಳಗೆ ತೂತು ಮಾಡಿ ಉಸಿರಿಗೆ ನಳಿಕೆ ಹಾಕಿದೆವು. ಆಮೇಲೆ ಕೊಳೆತ ಚರ್ಮ ತೆಗೆದೆವು. ತೆಗೆಯುತ್ತಾ ಹೋದಂತೆ ಕಿವಿಯ ಕೆಳಗಿನಿಂದ ಕೊರಳೆಲುಬಿನವರೆಗೆ ಎಡಗತ್ತು ತೆರೆದುಕೊಂಡಿತು. ತಳದಲ್ಲಿ ದೊಡ್ಡ ರಕ್ತನಾಳ ಮಿಡಿಯುವುದು ಬರಿಗಣ್ಣಿಗೆ ಕಾಣುತ್ತಿತ್ತು. ಮೆದುಳಿಗೆ ರಕ್ತ ಒಯ್ಯುವ ನಾಳ ಅದು. ಕೀವಿನಲ್ಲಿ ನೆನೆದು ಅದರ ಗೋಡೆ ಒಡೆದರೆ ಬಾಗಿಲಿನಿಂದ ಮಂಚದ ಹತ್ತಿರ ಬರುವಷ್ಟೂ ಸಮಯ ಸಿಗುವುದಿಲ್ಲ.

ಬರಿದಾದ ನಾಳದ ಮೇಲೆ ಎಳೆತ ಇಡಬಾರದು ಎಂದು ಬೆಂಗಳೂರಿನಲ್ಲೇ ಹೇಳಿದ್ದರು. ಆದ್ದರಿಂದ ಕತ್ತಿನ ಪಕ್ಕದ ಸ್ನಾಯುವನ್ನು ಬಿಡಿಸಿ ತಂದು ನಾಳದ ಮೇಲೆ ಹೊದಿಸಿ ಹೊಲಿದೆ. ಅದರ ಮೇಲೆ ಅಂಟದ ಗಾಜ್, ಅದರ ಮೇಲೆ ಬೇರೆ ಗಾಜ್, ಆಮೇಲೆ ಹಾಳೆ. ಎಳೆತ ಮಿತಿ ಮೀರದಂತೆ ನಳಿಕೆಯಲ್ಲಿ ಒಂದು ಸಣ್ಣ ತೂತು ಮಾಡಿದ್ದೆ. ಪಂಪು ಜೋರಾದರೆ ಹೊರಗಿನ ಗಾಳಿ ಆ ತೂತಿನಿಂದ ನುಗ್ಗಿ ಗಾಯದ ಮೇಲಿನ ಎಳೆತವನ್ನು ತಗ್ಗಿಸುತ್ತಿತ್ತು. ಸಣ್ಣಗೆ ಸುಯ್ ಎನ್ನುವ ಸದ್ದು ಬರುತ್ತಿದ್ದುದು ಅದರಿಂದಲೇ. ಕರೆಂಟಿನ ಮಿಷನ್ನಿನಲ್ಲಿ ಒತ್ತಡ ತೋರಿಸುವ ಮುಳ್ಳು ಇತ್ತು. ಕರೆಂಟು ಹೋದಾಗ ಬಳಸುವ, ಕಾಲಲ್ಲಿ ತುಳಿಯುವ ಪಂಪಿಗೆ ಮುಳ್ಳು ಇರಲಿಲ್ಲ. ಅಲ್ಲಿ ಆ ತೂತೇ ನಮ್ಮ ಮುಳ್ಳು.

ಹಾಳೆ ಕೂರಲಿಲ್ಲ. ಈ ಸಲ ಕಾರಣ ಹುಡುಕುವುದು ಕಷ್ಟವಿರಲಿಲ್ಲ. ಅವರ ಕೊರಳಲ್ಲಿ ಕರಡಿಗೆ, ಎಂದರೆ ಇಷ್ಟಲಿಂಗ ಇಡುವ ಸಣ್ಣ ಡಬ್ಬಿ, ಇತ್ತು. ಅದರ ದಾರ ಹಾಳೆಯ ಅಂಚಿನ ಕೆಳಗೆ ಹಾದುಹೋಗಿ, ದಾರದ ಗುಂಟ ಗಾಳಿ ಒಳಬರುತ್ತಿತ್ತು. ಅದನ್ನು ತೆಗೆಯಿರಿ ಎಂದು ಯಾರೂ ಹೇಳಲು ಸಿದ್ಧರಿರಲಿಲ್ಲ. ನಾನು ಹೇಳಿದೆ. ಅವರು ಮಾತಾಡುವಂತಿರಲಿಲ್ಲ, ಬರೀ ಕರಡಿಗೆಯ ಮೇಲೆ ಕೈ ಮುಚ್ಚಿಕೊಂಡರು. ತಮ್ಮ ಚನ್ನಬಸಪ್ಪ ಮಠಕ್ಕೆ ಹೋಗಿ ಕೇಳಿ ಬಂದ. ಲಿಂಗ ಮೈ ಬಿಟ್ಟು ಇರಬಾರದು, ಕೊರಳಲ್ಲೇ ಇರಬೇಕೆಂದಿಲ್ಲ, ತೋಳಿಗಾದರೂ ತಲೆಗಾದರೂ ಕಟ್ಟಬಹುದು ಎಂದರಂತೆ. ಅವನು ಇದನ್ನು ಅಣ್ಣನ ಕಿವಿಗೆ ಹೇಳಿದ. ರೇವಣಸಿದ್ದಪ್ಪ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದರು. ಆಮೇಲೆ ಎಡಗೈಯ ತೋಳನ್ನು ಬಲಗೈಯಿಂದ ತಟ್ಟಿ ತೋರಿಸಿದರು. ಕಟ್ಟಿದವರು ಯಾರು ಎಂಬುದು ನನಗೆ ಮರೆತಿದೆ. ಆ ತಟ್ಟಿದ್ದು ಮರೆತಿಲ್ಲ.

ಆಗ ಎಳೆತ ಸರಿಯಾಗಿ ಹಿಡಿಯಿತು. ಗಾಜ್ ಮುದುರಿ ಗಟ್ಟಿಯಾಯಿತು, ಪಂಪಿನ ಜಾಡಿಗೆ ಕಂದು ನೀರು ಬರತೊಡಗಿತು. ಜ್ವರ ಇಳಿಯಿತು. ವಾರ್ಡಿನ ಸಿಸ್ಟರ್ ಜಯಮ್ಮ ಕಡಿಮೆ ಮಾತಿನವರು, ಅವರೇ ಈ ಗಾಯ ನಿಲ್ಲುತ್ತದೆ ಎಂದರು. ಮಧ್ಯಾಹ್ನ ಕರೆಂಟು ಹೋದಾಗ ಮನೆಯವರು ಸರದಿಯ ಮೇಲೆ ಕಾಲಿನ ಪಂಪು ತುಳಿಯುತ್ತಿದ್ದರು. ಬೇಸಾಯಗಾರ ಚನ್ನಬಸಪ್ಪನ ಕಾಲು ಎಲ್ಲರಿಗಿಂತ ಗಟ್ಟಿ. ಬೇರೆಯವರ ಸರದಿಯನ್ನೂ ಅವನೇ ತುಳಿಯುತ್ತಿದ್ದ. "ಅಣ್ಣ, ನೀನು ಮಲ್ಕ, ನಾನು ನಿನ್ನ ಕತ್ತಿಗೆ ನೀರು ಹಾಯಿಸ್ತಿದೀನಿ ಅನ್ಕ" ಎಂದು ಮಾತಾಡಲಾಗದ ಅಣ್ಣನನ್ನು ಕೆಣಕುತ್ತಿದ್ದ. ಅಣ್ಣ ಮಂಚದ ಕಂಬಿಗೆ ಬೆರಳಿನಿಂದ ಬಡಿದು ಉತ್ತರ ಕೊಡುತ್ತಿದ್ದರು.

ಒಂದು ಮಧ್ಯಾಹ್ನ ನಾನು ಪಕ್ಕದ ವಾರ್ಡಿನಲ್ಲಿದ್ದೆ. ಜಯಮ್ಮ ಬಂದು, ಸಾರ್ ಬರ್ರಿ, ಜಾಡಿ ಕೆಂಪಾಗೈತೆ ಎಂದರು. ಅವರ ದನಿ ಏರಿರಲಿಲ್ಲ. ಹೋಗುವಷ್ಟರಲ್ಲಿ ಪಂಪು ನಿಂತಿತ್ತು. ಜಯಮ್ಮ ನಿಲ್ಲಿಸಿ ಬಂದಿದ್ದರೋ, ಚನ್ನಬಸಪ್ಪನೇ ಹೆದರಿ ಕಾಲು ತೆಗೆದಿದ್ದನೋ ಗೊತ್ತಿಲ್ಲ. ಜಾಡಿಯಲ್ಲಿ ಕಂದು ನೀರಿನ ಮೇಲೆ ಹೊಸ ರಕ್ತ. ಹಾಳೆ ಕಿತ್ತು, ಗಾಜ್ ತೆಗೆದು, ರಕ್ತ ಉಕ್ಕುತ್ತಿದ್ದ ಜಾಗಕ್ಕೆ ಹೆಬ್ಬೆರಳು ಒತ್ತಿದೆ. ಉಕ್ಕುವುದು ನಿಂತಿತು. ಎತ್ತಲು ಹೆದರಿ ಹಾಗೆಯೇ ನಿಂತೆ. ರೇವಣಸಿದ್ದಪ್ಪ ಎಚ್ಚರವಾಗಿಯೇ ಇದ್ದರು. ನನ್ನ ಹೆಬ್ಬೆರಳಿನ ಕೆಳಗೆ ಅವರ ಜೀವ ಮಿಡಿಯುತ್ತಿತ್ತು, ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಆಗ ನಳಿಕೆ ಕಣ್ಣಿಗೆ ಬಿತ್ತು. ತೂತಿದ್ದ ಜಾಗಕ್ಕೆ ಕಪ್ಪು ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಲಾಗಿತ್ತು. ಯಾರು ಇದು ಎಂದೆ.

"ನಾನೇ ಸಾರ್," ಎಂದ ಚನ್ನಬಸಪ್ಪ. "ಪೈಪು ಗಾಳಿ ಎಳೀತಿತ್ತು. ನಮ್ಮ ಬಾವಿ ಮೋಟ್ರಿನಾಗೆ ಹಿಂಗೆ ಗಾಳಿ ಎಳದ್ರೆ ನೀರೇ ಏರಲ್ಲ. ಅದ್ಕೆ ಟ್ಯೂಬ್ ಸುತ್ತಿದೆ. ಈಗ ಚೆನ್ನಾಗಿ ಎಳೀತಿತ್ತು ಸಾರ್."

ಆ ಸದ್ದು ಯಾತರದು ಎಂದು ನಮ್ಮಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಬಾವಿಯ ಮೋಟರು ಇಟ್ಟುಕೊಂಡ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು.

ಹೆಬ್ಬೆರಳು ಒತ್ತಿಕೊಂಡೇ ಮಂಚದ ಜೊತೆ ಥಿಯೇಟರಿಗೆ ನಡೆದೆ. ಶೇಷಾದ್ರಿಯವರು ಕೈ ತೊಳೆದು ಬಂದರು. ಇಲ್ಲಿಂದ ಮುಂದಿನದೇ ನನ್ನ ಸಂಕಟ. ಖಚಿತವಾಗಿ ಇರುವ ನೆನಪು ಇಷ್ಟು: ನಾಳವನ್ನು ಕಟ್ಟಿಬಿಡಾಣ ಎಂದು ಅವರು ಹೇಳಿದ್ದು, ಕಟ್ಟಿದರೆ ಬಲಗೈ ಬಲಗಾಲು ಮಾತು ಹೋಗಬಹುದು ಎಂದು ನಾನು ಹೇಳಿದ್ದು. ಕಟ್ಟದಿದ್ದರೆ ಮನುಷ್ಯನೇ ಹೋಗ್ತಾನಪ್ಪ ಎಂದು ಅವರು. ಇನ್ನು ಸ್ವಲ್ಪ ಹೊತ್ತು ಒತ್ತಿ ನೋಡುತ್ತೇನೆ ಎಂದು ನಾನು. ಅವರು ಗಾಯದ ಬುಡದಲ್ಲಿ ನಾಳವನ್ನು ಬಿಡಿಸಿ, ಅದರ ಕೆಳಗೆ ಕಪ್ಪು ರೇಷ್ಮೆ ದಾರ ದಾಟಿಸಿದರು. ಎರಡೂ ತುದಿ ಅವರ ಬೆರಳಲ್ಲಿದ್ದವು. ಆಮೇಲೆ ನನ್ನ ನೆನಪಿನಲ್ಲಿ ಹೆಬ್ಬೆರಳು ಎತ್ತುತ್ತೇನೆ, ರಕ್ತ ಒಸರುವುದು ಒಂದು ಸಣ್ಣ ಕವಲಿನಿಂದ ಮಾತ್ರ, ಅದನ್ನಷ್ಟೇ ಕಟ್ಟುತ್ತೇನೆ, ದಾರವನ್ನು ಅವರು ಎಳೆದು ತೆಗೆಯುತ್ತಾರೆ. ಅವರ ನೆನಪಿನಲ್ಲಿ ನಾನು ಹೆಬ್ಬೆರಳು ಎತ್ತುವ ಮೊದಲೇ ಅವರು ಗಂಟು ಬಿಗಿಯುತ್ತಾರೆ.

ಎಚ್ಚರವಾದಾಗ ರೇವಣಸಿದ್ದಪ್ಪನವರ ಕೈಕಾಲು ಚೆನ್ನಾಗಿದ್ದವು. ಅದರಿಂದ ಏನೂ ಸಾಬೀತಾಗುವುದಿಲ್ಲ, ನಾಳ ಕಟ್ಟಿಸಿಕೊಂಡೂ ಕೆಲವರು ಚೆನ್ನಾಗಿಯೇ ಇರುತ್ತಾರೆ. ಸ್ನಾಯುವನ್ನು ಮತ್ತೆ ಹೊದಿಸಿದ್ದರಿಂದ ನಾಳ ಕಣ್ಣಿಗೆ ಮರೆಯಾಯಿತು. ಆ ದಿನಗಳಲ್ಲಿ ನನಗೆ ಖಂಡಿತ ಗೊತ್ತಿದ್ದಿರಬೇಕು. ಗೊತ್ತಿದ್ದದ್ದು ಉಳಿಯುತ್ತದೆ ಎಂದು ಯಾರು ಹೇಳಿದರು?

ಮರುದಿನ ಶೇಷಾದ್ರಿಯವರು ಮಿಷನ್ ತೆಗೆದು ಗಾಜ್ ತುರುಕು ಎಂದರು. ನಾನು ಒಪ್ಪಲಿಲ್ಲ. ಅವರ ಎದುರು ಅಷ್ಟು ಗಟ್ಟಿಯಾಗಿ ನಿಂತದ್ದು ಅದೇ ಮೊದಲು. ತಪ್ಪಾದದ್ದು ಎಳೆತದಿಂದಲ್ಲ, ತೂತು ಮುಚ್ಚಿದ್ದರಿಂದ ಎಂದೆ. ಒಣಗಿದ ಗಾಜ್ ಕೀಳುವಾಗ ಮತ್ತೆ ರಕ್ತ ಬಂದರೆ ಯಾರ ಹೆಬ್ಬೆರಳು ಇರುತ್ತದೆ ಎಂದೆ. ಅವರು, ಮುಂದೇನಾದರೂ ಆದ್ರೆ ನನ್ನ ಕರೀಬೇಡ ಎಂದು ಹೋದರು. ಅವತ್ತು ಸಂಜೆಯೇ ವಾರ್ಡಿನ ಬಾಗಿಲಲ್ಲಿ ಬಂದು ನಿಂತು ಮೂಗು ಎಳೆದರು.

ಗಾಯವನ್ನು ಒಂದೆರಡು ದಿನ ಬರೀ ಒದ್ದೆ ಬಟ್ಟೆಯಲ್ಲಿಟ್ಟು, ರಕ್ತ ಮತ್ತೆ ಬಾರದಿರುವುದನ್ನು ನೋಡಿಕೊಂಡು, ಮೊದಲಿಗಿಂತ ಕಡಿಮೆ ಎಳೆತದಲ್ಲಿ ಮತ್ತೆ ಜೋಡಿಸಿದೆ. ನಳಿಕೆಯ ತೂತಿನ ಹತ್ತಿರ ಚನ್ನಬಸಪ್ಪನ ಬೆರಳನ್ನು ಇಡಿಸಿದೆ. ಗಾಳಿ ಒಳಗೆ ಹೋಗುವುದು ಅವನ ಬೆರಳಿಗೆ ತಾಗಿತು. ಈ ಸದ್ದು ನಿಂತರೆ ನನ್ನನ್ನು ಕರೆಯಬೇಕು ಎಂದೆ. ಅಲ್ಲಿಂದ ಮುಂದೆ ಅವನು ಆ ಸದ್ದಿಗೆ ಕಿವಿ ಕೊಟ್ಟುಕೊಂಡೇ ಕೂತಿರುತ್ತಿದ್ದ. ಬೇರೆ ಯಾರಾದರೂ ಜೋರಾಗಿ ತುಳಿದರೆ, "ಲೇ, ಮೆಲ್ಲಕ್ ತುಳಿಯಲೇ, ಇದು ಹೊಲ ಅಲ್ಲ, ನಮ್ಮಣ್ಣನ ಕತ್ತು" ಎಂದು ಗದರುತ್ತಿದ್ದ. ಅಂದಿನಿಂದ ನಮ್ಮಲ್ಲಿ ಒಂದು ಕ್ರಮ ಬಂತು. ಎಳೆತ ಜೋಡಿಸಿದ ದಿನವೇ ಮನೆಯವರ ಬೆರಳನ್ನು ಆ ತೂತಿಗೆ ಮುಟ್ಟಿಸುವುದು. ಈಗಿನ ಯಂತ್ರಗಳಿಗೆ ತೂತಿನ ಅಗತ್ಯವಿಲ್ಲ, ಅವೇ ಕೂಗಿ ಹೇಳುತ್ತವೆ. ಆದರೂ ಆ ಕೂಗು ಯಾತರದು ಎಂದು ಮನೆಯವರಿಗೆ ತಿಳಿಸಿರದಿದ್ದರೆ ಅವರು ಮೊದಲು ಮಾಡುವ ಕೆಲಸ ಅದರ ಬಾಯಿ ಮುಚ್ಚಿಸುವುದು.

ಗಾಯ ಕೆಂಪಾಗಿ ತುಂಬಿ ಬಂತು. ಚರ್ಮ ಕಸಿ ಮಾಡುವ ಹೊತ್ತಿಗೆ ನನ್ನನ್ನು ಹೊಳಲ್ಕೆರೆಗೆ ನಿಯೋಜಿಸಿದ್ದರು. ಆ ಕೆಲಸ ಬೇರೆಯವರು ಮಾಡಿದರು. ರೇವಣಸಿದ್ದಪ್ಪನವರನ್ನು ನಾನು ಆಮೇಲೆ ನೋಡಲಿಲ್ಲ. ಮುಂದೆ ತಲೆ, ದವಡೆ, ಕತ್ತಿನ ಎಷ್ಟೋ ಗಾಯಗಳಿಗೆ ಎಳೆತ ಇಟ್ಟೆ. ಕೆಲವು ವಾಸಿಯಾದವು, ಕೆಲವು ಆಗಲಿಲ್ಲ. ಗಡ್ಡದ ಮೇಲೆ, ಕಿವಿಯ ಸುರುಳಿಯಲ್ಲಿ, ನುಂಗಿದಾಗಲೆಲ್ಲ ಕದಲುವ ಗಂಟಲಲ್ಲಿ ಹಾಳೆ ಕೂರಿಸುವುದು ಇವತ್ತಿಗೂ ಸುಲಭವಲ್ಲ.

ನಿವೃತ್ತಿಯ ನಂತರ ಹಳೆಯ ಸಹೋದ್ಯೋಗಿಗಳು ಸೇರಿದ ಒಂದು ಊಟದಲ್ಲಿ ಶೇಷಾದ್ರಿಯವರು ಕಿರಿಯರ ಮುಂದೆ ಈ ಕತೆ ಹೇಳಿದರು. ಇವನು ಮಿಷನ್ ಇಟ್ಟು ನಾಳ ಒಡೆಸಿದ, ನಾನು ಕಟ್ಟಿ ಉಳಿಸಿದೆ ಎಂದು ನನ್ನ ಹೆಗಲು ತಟ್ಟಿದರು. ಪ್ರೀತಿಯಿಂದಲೇ. ಕಿರಿಯನೊಬ್ಬ ನನ್ನ ಕಡೆ ತಿರುಗಿ, ಹಾಗಾದರೆ ಕತ್ತಿಗೆ ಬೇಡವೇ ಸಾರ್ ಎಂದ. ಬೇಡವೆಂದಲ್ಲ ಎನ್ನಲು ಹೋದೆ. ಆಗಲೇ ಆ ಕಪ್ಪು ದಾರ ಕಣ್ಣ ಮುಂದೆ ಬಂತು.

ರೇವಣಸಿದ್ದಪ್ಪನವರು ಬದುಕಿದ್ದರೆ ಉತ್ತರ ಅವರ ಕತ್ತಿನಲ್ಲೇ ಇರುತ್ತದೆ. ನಾಳವನ್ನು ಬುಡದಲ್ಲಿ ಕಟ್ಟಿದ್ದರೆ ಅದರ ಮೇಲಕ್ಕೆ ಗಟ್ಟಿ ಮಿಡಿತ ಸಿಗಬಾರದು. ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ರಾಮಗಿರಿಗೆ ಹೋದೆ. ಇಳಿದವನು ದಾರಿ ತಪ್ಪಿ ರೈಲ್ವೆ ಸ್ಟೇಷನ್ ತನಕ ಹೋಗಿ, ಬಿಸಿಲಲ್ಲಿ ವಾಪಸು ನಡೆದು ಅಂಗಡಿ ಹುಡುಕಿದೆ. ಗಲ್ಲಾದ ಹಿಂದೆ ಬಿಳಿ ಕೂದಲಿನ ರೇವಣಸಿದ್ದಪ್ಪ. ಪಕ್ಕದ ಗೊಬ್ಬರದ ಚೀಲದ ಮೇಲೆ ಚನ್ನಬಸಪ್ಪ. ಅವನೇ ಮೊದಲು ಗುರುತು ಹಿಡಿದ.

"ಪಂಪಿನ ಡಾಕ್ಟ್ರು. ಬರ್ರಿ ಸಾರ್, ಕುಂತ್ಕಳ್ರಿ."

ರೇವಣಸಿದ್ದಪ್ಪನವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಸ್ವಲ್ಪ ಒಡಕು, ಆದರೆ ಗಟ್ಟಿ. ನೀರು ತರಿಸಿ, ತಮ್ಮನ ಕಡೆ ಕೈ ತೋರಿಸಿ, "ಇವನ್ನ ನಂಬಿ ಬಾವಿ ಮೋಟ್ರು ಕೊಡಬೋದು ಸಾರ್, ಕತ್ತು ಕೊಡಬಾರ್ದು" ಎಂದರು. ಚನ್ನಬಸಪ್ಪ, "ಕತ್ತು ಐತಲ್ಲ ಇನ್ನೂ, ಅದ್ಕೆ ಮಾತು ಬರ್ತೈತೆ" ಎಂದ. ಕರಡಿಗೆ ಈಗಲೂ ಎಡತೋಳಿನಲ್ಲೇ ಇತ್ತು. ಮತ್ತೆ ಕೊರಳಿಗೆ ಹಾಕಲಿಲ್ಲವೇ ಎಂದರೆ, ಅಲ್ಲಿಗೇ ರೂಢಿಯಾಯಿತು ಎಂದರು.

ಬಂದ ಕಾರಣ ಹೇಳಿದೆ. ನಿಮ್ಮ ಕತ್ತು ಮುಟ್ಟಿ ನೋಡಬೇಕು ಎಂದೆ.

"ಮುಟ್ರಿ. ನಾನು ನೋಡದೆ ಇರೋ ಒಳಗಡೆನೆಲ್ಲ ನೀವು ನೋಡೀರಿ."

ಕಸಿ ಮಾಡಿದ ಚರ್ಮ ಗಟ್ಟಿಯಾಗಿ ಒಳಗೆ ಅಂಟಿಕೊಂಡಿತ್ತು. ಬಲಗೈ ಬೆರಳು ಒತ್ತಿದೆ. ಏನೂ ಇಲ್ಲ. ಸ್ವಲ್ಪ ಮೇಲೆ ಸರಿಸಿದೆ. ಇಲ್ಲ. ಊಟದ ದಿನ ಕೇಳಿದ ಆ ಕಿರಿಯನ ಮುಖ ಕಣ್ಣ ಮುಂದೆ ಬಂತು. ದವಡೆಯ ಕೋನದ ಕೆಳಗೆ, ಗಾಯದ ಕಲೆಯ ಅಂಚಿನಲ್ಲಿ, ಬೆರಳಿಗೆ ಮಿಡಿತ ಸಿಕ್ಕಿತು. ಸಿಕ್ಕ ಕೂಡಲೇ ಅನುಮಾನ ಬಂತು. ಗಟ್ಟಿಯಾಗಿ ಒತ್ತಿದರೆ ನಮ್ಮ ಬೆರಳಿನ ತುದಿಯೇ ಮಿಡಿಯುತ್ತದೆ, ಅದನ್ನೇ ರೋಗಿಯದು ಎಂದು ಎಷ್ಟೋ ಜನ ಬರೆದಿಟ್ಟಿದ್ದಾರೆ. ಬಲಗೈಯನ್ನು ಅವರ ಕತ್ತಿನಲ್ಲೇ ಇಟ್ಟು, ಎಡಗೈಯಿಂದ ನನ್ನದೇ ಬಲ ಮಣಿಕಟ್ಟು ಹಿಡಿದೆ. ಬಿಸಿಲಲ್ಲಿ ನಡೆದು ಬಂದ ನನ್ನ ನಾಡಿ ಓಡುತ್ತಿತ್ತು. ಬೆರಳ ಕೆಳಗಿನದು ನಿಧಾನವಾಗಿತ್ತು. ಎರಡೂ ಜೊತೆಗೂಡಲಿಲ್ಲ, ಎಷ್ಟು ಹೊತ್ತು ಹಿಡಿದರೂ ಕೂಡಲಿಲ್ಲ. ಅದು ಅವರದೇ.

ಅಂಗಡಿಯಿಂದಲೇ ಶೇಷಾದ್ರಿಯವರಿಗೆ ಫೋನ್ ಮಾಡಿದೆ. ಮಿಡಿತ ಸಿಕ್ಕಿತು ಎಂದೆ.

"ಹಂಗಾದ್ರೆ ನಾನು ಕಟ್ಟಿದ್ದು ಯಾರಿಗಪ್ಪ?" ಎಂದರು. ಆಮೇಲೆ ಹಳೆಯ ದನಿ ಬಂತು. "ಬೆರಳು ನಂಬಬೇಡ. ಸ್ಕ್ಯಾನ್ ಮಾಡ್ಸು."

ಕೆಲವು ದಿನಗಳ ನಂತರ ಅಣ್ಣತಮ್ಮ ಇಬ್ಬರೂ ಚಿತ್ರದುರ್ಗಕ್ಕೆ ಬಂದರು. ಸ್ಕ್ಯಾನ್ ಮಾಡುವ ಡಾಕ್ಟರಿಗೆ ಹಳೆಯ ಕತೆ ಯಾವುದನ್ನೂ ಹೇಳದೆ, ಎಡಗತ್ತಿನ ದೊಡ್ಡ ನಾಳ ನೋಡಿ ಎಂದಷ್ಟೇ ಹೇಳಿದೆ. ನಾಳ ಬುಡದಿಂದ ಕವಲೊಡೆಯುವ ತನಕ ತೆರೆದೇ ಇತ್ತು. ರಕ್ತ ಹರಿಯುತ್ತಿತ್ತು.